ರೋಣ ಸೀಮೆಯ ಪ್ರವಾಸ ಸೌಕರ್ಯಗಳು

ಗದಗ ಜಿಲ್ಲೆಯ ಉತ್ತರ ಭಾಗದಲ್ಲಿ, ಮಲಪ್ರಭೆಯ ದಕ್ಷಿಣಕ್ಕೆ ಹರಡಿರುವ ಎರೆಭೂಮಿಯ ಸೀಮೆ ರೋಣ. 1997ರವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದ ಈ ತಾಲ್ಲೂಕಿನಿಂದ ಈಚೆಗೆ ಗಜೇಂದ್ರಗಡ ಬೇರ್ಪಟ್ಟಿತಾದರೂ, ಪ್ರವಾಸದ ದೃಷ್ಟಿಯಿಂದ ಎರಡನ್ನೂ ಒಂದಾಗಿಯೇ ಪರಿಗಣಿಸುವುದು ಯುಕ್ತ. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲೂ ಅದರ ನೆರೆಯ ಬಾದಾಮಿ, ಐಹೊಳೆಗಳೂ ಇಲ್ಲಿಗೆ ಅನತಿದೂರದಲ್ಲಿವೆ. ಆದರೆ ಅಲ್ಲಿಗೆ ಬಂದವರಲ್ಲಿ ಬಹುತೇಕರು ಈ ಸೀಮೆಯ ಸೂಡಿಯನ್ನು ಕಾಣದೆಯೇ ಹಿಂದಿರುಗುವುದು ವಿಷಾದದ ಸಂಗತಿ.

ಸೂಡಿಯು ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಕಿಸುಕಾಡು ಎಪ್ಪತ್ತು ಎಂಬ ನಾಡಿನ ಮುಖ್ಯ ಪಟ್ಟಣವಾಗಿದ್ದು, ಇಮ್ಮಡಿ ಜಯಸಿಂಹನ ಸೋದರಿ ಅಕ್ಕಾದೇವಿಯ ಆಡಳಿತವನ್ನು ಕಂಡಿತ್ತು. ನಾಣ್ಯ ಅಚ್ಚೊತ್ತುವ ಟಂಕಸಾಲೆಯೂ ಅಲ್ಲಿದ್ದಿತು. ಹನ್ನೊಂದನೆಯ ಶತಮಾನದಲ್ಲಿ ದಂಡನಾಯಕ ನಾಗದೇವನು ಕಟ್ಟಿಸಿದ, ಎರಡು ಗರ್ಭಗುಡಿಗಳು ಒಂದೇ ಮಂಟಪದ ಎರಡು ಕಡೆಗಳಲ್ಲಿ ಪರಸ್ಪರ ಅಭಿಮುಖವಾಗಿ ನಿಂತಿರುವ ಜೋಡುಕಳಸದ ಗುಡಿಯು ಎಷ್ಟು ಮನೋಹರವೋ, ಅದರ ಸಮೀಪದ ನಾಗಕುಂಡವೂ ಅಷ್ಟೇ ಮನೋಹರ: ಮೆಟ್ಟಿಲಿಳಿದು ನೀರಿನಂಚಿಗೆ ಬಂದವನ ಸುತ್ತಲೂ ಗೋಡೆಯ ಗೂಡುಗಳೂ ಅರೆಗಂಬಗಳೂ ದೇಗುಲದ ಭಿತ್ತಿಯಂತೆಯೇ ಕೆತ್ತನೆಗೊಂಡು ಎದ್ದುನಿಲ್ಲುತ್ತವೆ. ದೇವರಿಗೂ ಊರಿಗೂ ಸಮಾನವಾಗಿ ಒದಗಲೆಂದು ನಿರ್ಮಿಸಿದ ಇಂತಹ ಜಲಾಶ್ರಯವನ್ನೇ ಇಂದಿನ ಪ್ರವಾಸ ಸೌಕರ್ಯದ ಯೋಜನೆಗಳಿಗೆ ಮಾದರಿಯಾಗಿ ಹಿಡಿಯತಕ್ಕುದು. ಬಹುಕಾಲ ಅನಾದರಕ್ಕೆ ಒಳಗಾಗಿದ್ದ ಈ ಕುಂಡವು ಈಚಿನ ವರ್ಷಗಳಲ್ಲಿ ಜೀರ್ಣೋದ್ಧಾರಗೊಂಡಿದೆ.

ಗಜೇಂದ್ರಗಡದ ಬೆಟ್ಟದ ಮೇಲೆ ಕೋಟೆಯಿದೆ. ಅಲ್ಲಿಗೆ ಸಮೀಪದ ಕಾಲಕಾಲೇಶ್ವರ ಕ್ಷೇತ್ರದಲ್ಲಿ ವರ್ಷವಿಡೀ ಬತ್ತದ ಅಂತರಗಂಗೆ ಎಂಬ ನೀರಿನ ಬುಗ್ಗೆಯಿದೆ.

ಈ ತಾಣಗಳಿಗೆ ಹೋಗುವ ರಸ್ತೆಗಳನ್ನು ಈ ಸೀಮೆಯಲ್ಲಿ ಕೆಡದಂತೆ ಉಳಿಸುವುದು ಸುಲಭಸಾಧ್ಯವಲ್ಲ. ಎರೆಮಣ್ಣು ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವುದರಿಂದ, ಗರಸಿನ ದಪ್ಪನಾದ ಅಡಿಪಾಯವೂ ಇಕ್ಕೆಲಗಳಲ್ಲಿ ನೀರು ಹರಿದುಹೋಗುವ ಕಾಲುವೆಯೂ ಇಲ್ಲದೆ ಹಾಸಿದ ಡಾಂಬರು ಬಹುಕಾಲ ಬಾಳದು. ಬೆಣ್ಣೆಹಳ್ಳವೂ ಮಲಪ್ರಭೆಯೂ ಉಕ್ಕಿದಾಗ, 2019ರಲ್ಲಿ ಆದಂತೆ, ಹೊಳೆಯಾಲೂರು ಮೆಣಸಗಿಗಳ ಭಾಗದಲ್ಲಿ ಪ್ರವಾಸದ ಮಾತಿರಲಿ, ಊರವರ ಬದುಕೇ ಅಸ್ತವ್ಯಸ್ತವಾಗುವುದು. ಆದುದರಿಂದ ಎತ್ತರಿಸಿದ ಸೇತುವೆ, ಶುದ್ಧವಾದ ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ನಿರ್ಭಯವಾದ ಶೌಚಗೃಹ, ಸಂಜೆಯ ನಂತರವೂ ಸಿಗುವ ಬಸ್ಸು ಇವು ಮೊದಲು ನಿವಾಸಿಗಳ ಹಕ್ಕು. ಅವರಿಗೆ ಒದಗಿದುದು ಅತಿಥಿಗೂ ಒದಗುವುದು. ಗದಗ–ಬಾದಾಮಿ ರೈಲುಮಾರ್ಗದ ಹೊಳೆಯಾಲೂರು ನಿಲ್ದಾಣದಿಂದ ರೋಣ, ಸೂಡಿ, ಗಜೇಂದ್ರಗಡಗಳಿಗೆ ಗಾಡಿಯ ವೇಳೆಗೆ ಹೊಂದುವ ಬಸ್ಸುಗಳನ್ನು ಏರ್ಪಡಿಸುವುದು ಅಲ್ಪವ್ಯಯದಲ್ಲಿ ಮಹಾಫಲವನ್ನು ಕೊಡತಕ್ಕ ಕಾರ್ಯ.

ಗಜೇಂದ್ರಗಡದ ನೇಕಾರರು ಕೈಮಗ್ಗದಲ್ಲಿ ನೇಯುವ ಪಟ್ಟೇದಂಚಿನ ಸೀರೆ ಪ್ರಸಿದ್ಧವಾದುದು. ಯಾತ್ರಿಕನು ಮಗ್ಗದ ಮನೆಯ ಹೊಸ್ತಿಲವರೆಗೆ ಬಂದು ಕೊಳ್ಳುವಂತಾದರೆ, ನಡುವಿನವರ ಕೈಸೇರುವ ಹಣದಲ್ಲೊಂದು ಪಾಲಾದರೂ ನೇಯುವವರ ಮನೆಯಲ್ಲಿ ಉಳಿಯುವುದು.