ಬ್ಯಾಂಕ್ ಖಾತೆಯಿಂದ ಹಣ ಕಟ್ ಆಗಿದ್ಯಾ? ಯಾವುದಕ್ಕೆ ಎಷ್ಟು, ಯಾವುದನ್ನು ತಪ್ಪಿಸಬಹುದು? ಇಲ್ಲಿದೆ ಪೂರ್ತಿ ಮಾಹಿತಿ

ಶಿವಮೊಗ್ಗ / ಭದ್ರಾವತಿ: ‘ದುಡ್ಡೇ ತೆಗೆದಿಲ್ಲ, ಆದ್ರೂ ಕಟ್ ಆಗಿದೆ’. ಪಾಸ್‌ಬುಕ್ ಎಂಟ್ರಿ ಮಾಡಿಸಿದ ಮೇಲೆ ಬ್ಯಾಂಕ್ ಕೌಂಟರ್ ಮುಂದೆ ಸಾಮಾನ್ಯವಾಗಿ ಕೇಳಿಬರುವ ಮಾತಿದು. ಗಾಂಧಿ ಬಜಾರ್‌ನಲ್ಲಿ ಹೂವು ಕೊಂಡರೂ ಸ್ಕ್ಯಾನ್, ಬಸ್ಸಿನಲ್ಲೂ ಸ್ಕ್ಯಾನ್. ಕೆಎಸ್‌ಆರ್‌ಟಿಸಿ 2024ರ ನವೆಂಬರ್‌ನಿಂದ ಯುಪಿಐ ಮೂಲಕ ಟಿಕೆಟ್ ಹಣ ಪಡೆಯುತ್ತಿದೆ. ಹಣ ಕೊಡುವ ರೀತಿ ಬದಲಾದಂತೆ ಬ್ಯಾಂಕ್ ಶುಲ್ಕದ ನಿಯಮಗಳೂ ಬದಲಾಗಿವೆ. ಕೆಲವು ಶುಲ್ಕ ರದ್ದಾಗಿವೆ, ಕೆಲವು ಜಾಸ್ತಿಯಾಗಿವೆ.

ಕೈತುಂಬ ಸಂಬಳ ಇರುವವರಿಗೆ ಇದು ಸಣ್ಣ ಮೊತ್ತ ಅನಿಸಬಹುದು. ಆದರೆ ಭದ್ರಾವತಿಯಲ್ಲಿ ಕಾರ್ಖಾನೆ ಕೆಲಸದಿಂದ ನಿವೃತ್ತರಾದ ಎಷ್ಟೋ ಕುಟುಂಬಗಳಿಗೆ ಇಪಿಎಸ್-95 ಪಿಂಚಣಿಯೇ ಆಧಾರ. ಅದರ ಕನಿಷ್ಠ ಮೊತ್ತ ತಿಂಗಳಿಗೆ 1 ಸಾವಿರ ರೂ. ಗೃಹಲಕ್ಷ್ಮಿಯಲ್ಲಿ ಬರುವುದು 2 ಸಾವಿರ ರೂ. ಎಟಿಎಂ ಕಾರ್ಡ್‌ನ ವಾರ್ಷಿಕ ಶುಲ್ಕ 236 ರೂ. ಹೋದರೆ ಕನಿಷ್ಠ ಪಿಂಚಣಿಯಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಹೋದಂತೆ.

ಮಿನಿಮಮ್ ಬ್ಯಾಲೆನ್ಸ್ ದಂಡ ಈಗಲೂ ಇದ್ಯಾ?

ಹಲವು ಸರ್ಕಾರಿ ಬ್ಯಾಂಕ್‌ಗಳ ಉಳಿತಾಯ ಖಾತೆಯಲ್ಲಿ ಇಲ್ಲ. ಎಸ್‌ಬಿಐ 2020ರ ಮಾರ್ಚ್‌ನಲ್ಲೇ ಇದನ್ನು ಕೈಬಿಟ್ಟಿತು. ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ ಎಲ್ಲಾ ಉಳಿತಾಯ ಖಾತೆಗಳಿಗೆ ರದ್ದು ಮಾಡಿತು. ಅದೇ ವರ್ಷ ಜುಲೈನಲ್ಲಿ ಪಂಜಾಬ್ ನ್ಯಾಷನಲ್ ಬ್ಯಾಂಕ್, ಇಂಡಿಯನ್ ಬ್ಯಾಂಕ್ ಕೂಡ ಕೈಬಿಟ್ಟವು. ಬ್ಯಾಂಕ್ ಆಫ್ ಬರೋಡಾ ಸಾಮಾನ್ಯ ಉಳಿತಾಯ ಖಾತೆಗಳಿಗೆ ವಿನಾಯಿತಿ ನೀಡಿತು.

ಇದಕ್ಕೂ ಮೊದಲು ಎಷ್ಟು ಹಣ ಹೋಗಿದೆ ಗೊತ್ತಾ? 2019-20ರಿಂದ 2023-24ರವರೆಗಿನ ಐದು ವರ್ಷದಲ್ಲಿ ಸರ್ಕಾರಿ ಬ್ಯಾಂಕ್‌ಗಳು ಮಿನಿಮಮ್ ಬ್ಯಾಲೆನ್ಸ್ ದಂಡದಿಂದ ಸಂಗ್ರಹಿಸಿದ್ದು ಸುಮಾರು 8,500 ಕೋಟಿ ರೂ. ಕೇಂದ್ರ ಸರ್ಕಾರವೇ ಸಂಸತ್ತಿಗೆ ಕೊಟ್ಟ ಲೆಕ್ಕ ಇದು.

ನೆನಪಿಡಿ, ಹಳೇ ಬ್ಯಾಂಕ್ ಹೆಸರು ನೋಡಿ ನಿಯಮ ತಿಳಿಯುವಂತಿಲ್ಲ. ‘ಮೈಸೂರು ಬ್ಯಾಂಕ್’ 2017ರಲ್ಲಿ ಎಸ್‌ಬಿಐನಲ್ಲಿ ವಿಲೀನವಾಯಿತು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಗೆ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾಗೆ, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಯೂನಿಯನ್ ಬ್ಯಾಂಕ್‌ಗೆ ಸೇರಿದವು. ಈಗ ಅನ್ವಯವಾಗುವುದು ಹೊಸ ಬ್ಯಾಂಕಿನ ನಿಯಮ.

ಖಾಸಗಿ ಬ್ಯಾಂಕ್‌ನಲ್ಲಿ ಹೇಗೆ?

ಇಲ್ಲಿ ದಂಡ ಇನ್ನೂ ಇದೆ. ಎಷ್ಟು ಬ್ಯಾಲೆನ್ಸ್ ಇಡಬೇಕು ಅನ್ನುವುದು ಶಾಖೆ ಎಲ್ಲಿದೆ ಎಂಬುದರ ಮೇಲೆ ನಿರ್ಧಾರವಾಗುತ್ತದೆ. ಆರ್‌ಬಿಐ ವರ್ಗೀಕರಣದಲ್ಲಿ 1 ಲಕ್ಷದಿಂದ 10 ಲಕ್ಷ ಜನಸಂಖ್ಯೆಯ ಊರು ‘ನಗರ’. 2011ರ ಜನಗಣತಿ ಪ್ರಕಾರ ಶಿವಮೊಗ್ಗದಲ್ಲಿ 3.22 ಲಕ್ಷ, ಭದ್ರಾವತಿಯಲ್ಲಿ 1.51 ಲಕ್ಷ ಜನ. ಹಾಗಾಗಿ ಎರಡೂ ಕಡೆ ‘ನಗರ’ದ ಲೆಕ್ಕ. ಸಾಮಾನ್ಯವಾಗಿ ಹಳ್ಳಿ ಶಾಖೆಗಿಂತ ಇಲ್ಲಿ ಹೆಚ್ಚು ಬ್ಯಾಲೆನ್ಸ್ ಇಡಬೇಕಾಗುತ್ತದೆ.

ಇಲ್ಲೂ ಗ್ರಾಹಕರಿಗೆ ರಕ್ಷಣೆ ಇದೆ. 2015ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಆರ್‌ಬಿಐ ನಿಯಮದ ಪ್ರಕಾರ, ಬ್ಯಾಲೆನ್ಸ್ ಕಡಿಮೆಯಾದರೆ ಬ್ಯಾಂಕ್ ಮೊದಲು ಮೆಸೇಜ್, ಇಮೇಲ್ ಅಥವಾ ಪತ್ರದಲ್ಲಿ ತಿಳಿಸಬೇಕು. ಸರಿಪಡಿಸಲು ಕನಿಷ್ಠ ಒಂದು ತಿಂಗಳು ಸಮಯ ಕೊಡಬೇಕು. ಎಷ್ಟು ಕಡಿಮೆ ಇದೆಯೋ ಅದಕ್ಕೆ ತಕ್ಕಂತೆ ಮಾತ್ರ ದಂಡ ಹಾಕಬೇಕು. ಬರೀ ಈ ದಂಡದಿಂದಲೇ ಖಾತೆ ಮೈನಸ್‌ಗೆ ಹೋಗುವಂತಿಲ್ಲ.

ಎಟಿಎಂ: ಎಷ್ಟು ಸಲ ಫ್ರೀ?

ನಿಮ್ಮದೇ ಬ್ಯಾಂಕಿನ ಎಟಿಎಂನಲ್ಲಿ ತಿಂಗಳಿಗೆ 5 ಸಲ ಉಚಿತ. ಬೇರೆ ಬ್ಯಾಂಕಿನ ಎಟಿಎಂನಲ್ಲಿ ಬೆಂಗಳೂರಿನಂತಹ ಮೆಟ್ರೋ ನಗರದಲ್ಲಿ 3 ಸಲ, ಶಿವಮೊಗ್ಗ ಮತ್ತು ಭದ್ರಾವತಿಯಲ್ಲಿ 5 ಸಲ. ಬ್ಯಾಲೆನ್ಸ್ ನೋಡಿದ್ದೂ ಈ ಲೆಕ್ಕಕ್ಕೆ ಬರುತ್ತದೆ.

ಮಿತಿ ದಾಟಿದರೆ 2025ರ ಮೇ 1ರಿಂದ ಪ್ರತಿ ಸಲಕ್ಕೆ ಗರಿಷ್ಠ 23 ರೂ. ಶುಲ್ಕ. ಶೇ. 18ರ ಜಿಎಸ್‌ಟಿ ಸೇರಿದರೆ 27.14 ರೂ. ಹಾಗಾಗಿ 200, 300 ರೂ. ಅಂತ ಪದೇ ಪದೇ ತೆಗೆಯುವ ಬದಲು ಒಂದೇ ಸಲ ತೆಗೆಯುವುದು ಒಳ್ಳೆಯದು. ಬ್ಯಾಲೆನ್ಸ್ ನೋಡಲು ಮಿಸ್ಡ್ ಕಾಲ್ ಅಥವಾ ಮೊಬೈಲ್ ಆ್ಯಪ್ ಸಾಕು.

ಎಟಿಎಂನಲ್ಲಿ ಹಣ ಬರಲಿಲ್ಲ, ಖಾತೆಯಲ್ಲಿ ಕಟ್ ಆಯ್ತು ಅಂದರೆ 5 ದಿನದೊಳಗೆ ವಾಪಸ್ ಬರಬೇಕು. ತಡವಾದರೆ ಬ್ಯಾಂಕ್ ದಿನಕ್ಕೆ 100 ರೂ. ಪರಿಹಾರ ಕೊಡಬೇಕು.

ಶುಲ್ಕ ಅಲ್ಲ, ಆದರೂ ಕಟ್ ಆಗುತ್ತೆ!

ಮೇ ಕೊನೆಯ ವಾರ 20 ರೂ. ಅಥವಾ 436 ರೂ. ಕಟ್ ಆಗಿದ್ದರೆ ಅದು ಬ್ಯಾಂಕ್ ಶುಲ್ಕ ಅಲ್ಲ, ವಿಮೆ ಕಂತು. 20 ರೂ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯದ್ದು. 436 ರೂ. ಜೀವನ್ ಜ್ಯೋತಿ ಬಿಮಾ ಯೋಜನೆಯದ್ದು. ಎರಡರಲ್ಲೂ 2 ಲಕ್ಷ ರೂ.ವರೆಗೆ ರಕ್ಷಣೆ ಇದೆ. ಬೇಡವಾದರೆ ಶಾಖೆಗೆ ಪತ್ರ ಕೊಟ್ಟು ನಿಲ್ಲಿಸಬಹುದು. ನಿಲ್ಲಿಸುವ ಮೊದಲು ಮನೆಯವರ ಜೊತೆ ಮಾತನಾಡಿ.

ಇನ್ನೊಂದು, ಇಎಂಐ ಬೌನ್ಸ್. ಬೈಕ್, ಮೊಬೈಲ್ ಸಾಲದ ಕಂತಿನ ದಿನ ಖಾತೆಯಲ್ಲಿ ಹಣ ಇಲ್ಲದಿದ್ದರೆ ಬ್ಯಾಂಕ್ ಕಡೆಯಿಂದ ಒಂದು ಶುಲ್ಕ, ಸಾಲ ಕೊಟ್ಟ ಕಂಪನಿ ಕಡೆಯಿಂದ ಇನ್ನೊಂದು. ಬಾಕಿ ಇದ್ದ ಶುಲ್ಕವನ್ನು ಮುಂದೆ ಖಾತೆಗೆ ಹಣ ಬಂದ ಕೂಡಲೇ ಹಿಡಿದುಕೊಳ್ಳುವುದುಂಟು. ‘ಗೃಹಲಕ್ಷ್ಮಿ ದುಡ್ಡು ಬಂತು, ಕೈಗೆ ಸಿಗಲಿಲ್ಲ’ ಅನ್ನುವುದಕ್ಕೆ ಇದೂ ಒಂದು ಕಾರಣ. ಕಂತಿನ ಹಿಂದಿನ ದಿನವೇ ಹಣ ಹಾಕಿಡಿ. ಸಾಧ್ಯವಾದರೆ ಸರ್ಕಾರದ ಹಣ ಬರುವ ಖಾತೆ, ಸಾಲದ ಖಾತೆ ಬೇರೆ ಬೇರೆ ಇರಲಿ.

ಯುಪಿಐಗೆ ಶುಲ್ಕ ಇದ್ಯಾ?

ಬ್ಯಾಂಕ್ ಖಾತೆಯಿಂದ ಯುಪಿಐ ಮಾಡಿದರೆ ಗ್ರಾಹಕರಿಗೆ ಶುಲ್ಕವಿಲ್ಲ. 2020ರ ಜನವರಿಯಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡ್‌ಗೆ ಅಂಗಡಿಯವರಿಗೂ ಶುಲ್ಕ ಶೂನ್ಯ. ಮೊಬೈಲ್ ರೀಚಾರ್ಜ್ ಮಾಡುವಾಗ ಒಂದೆರಡು ರೂಪಾಯಿ ಹೆಚ್ಚು ಹೋದರೆ ಅದು ಆ್ಯಪ್‌ನವರ ಪ್ಲಾಟ್‌ಫಾರಂ ಶುಲ್ಕ. ಅಂಗಡಿಯಲ್ಲಿ ‘ಹಣ ಬಂದಿದೆ’ ಎಂದು ಕೂಗುವ ಸೌಂಡ್ ಬಾಕ್ಸ್‌ಗೆ ಕಂಪನಿಗಳು ತಿಂಗಳ ಬಾಡಿಗೆ ಪಡೆಯುವುದುಂಟು. ಹಾಕಿಸಿಕೊಳ್ಳುವ ಮೊದಲೇ ಕೇಳಿ.

ಟೀ, ತರಕಾರಿಗೆಲ್ಲ ಸ್ಕ್ಯಾನ್ ಮಾಡಿ ಪಾಸ್‌ಬುಕ್ ತುಂಬುತ್ತಿದ್ದರೆ ಯುಪಿಐ ಲೈಟ್ ಬಳಸಬಹುದು. ಅದರಲ್ಲಿ 5 ಸಾವಿರ ರೂ.ವರೆಗೆ ಇಟ್ಟುಕೊಂಡು, ಒಂದು ಸಲಕ್ಕೆ 1 ಸಾವಿರ ರೂ.ವರೆಗೆ ಪಿನ್ ಇಲ್ಲದೆ ಕೊಡಬಹುದು. ಕೀಪ್ಯಾಡ್ ಫೋನ್ ಇರುವವರಿಗೆ ಯುಪಿಐ 123ಪೇ ಇದೆ.

ಅಂಗಡಿಯವರು ಕ್ಯೂಆರ್ ತೆಗೆಯಬೇಕಾ?

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತ್ತು. ಬೆಂಗಳೂರಿನ ಹಲವು ಅಂಗಡಿಗಳಲ್ಲಿ ‘ನೋ ಯುಪಿಐ’ ಬೋರ್ಡ್ ಬಿದ್ದಿತ್ತು. ಆದರೆ ತೆರಿಗೆ ಇರುವುದು ವ್ಯಾಪಾರದ ಮೇಲೆ, ಯುಪಿಐ ಮೇಲಲ್ಲ. ವರ್ಷದ ವಹಿವಾಟು ಸರಕಿನಲ್ಲಿ 40 ಲಕ್ಷ, ಸೇವೆಯಲ್ಲಿ 20 ಲಕ್ಷ ರೂ. ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ನಗದು ವ್ಯಾಪಾರವೂ ಅದರಲ್ಲಿ ಸೇರುತ್ತದೆ. ಮನೆಯವರ ಹಣ, ಕೈಸಾಲ, ವ್ಯಾಪಾರದ ಹಣ ಎಲ್ಲಾ ಒಂದೇ ಖಾತೆಗೆ ಬಂದರೆ ಲೆಕ್ಕ ಕೊಡುವುದು ಕಷ್ಟ. ವ್ಯಾಪಾರಕ್ಕೆ ಪ್ರತ್ಯೇಕ ಖಾತೆ ಇಡಿ. ಆದರೆ ಮೇಲೆ ಹೇಳಿದ ದಂಡ ವಿನಾಯಿತಿ ಉಳಿತಾಯ ಖಾತೆಗೆ. ಕರೆಂಟ್ ಅಕೌಂಟ್‌ಗೆ ಮಿನಿಮಮ್ ಬ್ಯಾಲೆನ್ಸ್, ನಗದು ಜಮಾ ಶುಲ್ಕ ಎಷ್ಟು ಅಂತ ಮೊದಲೇ ಕೇಳಿಕೊಳ್ಳಿ.

ಪಿಂಚಣಿ, ಗೃಹಲಕ್ಷ್ಮಿ ಖಾತೆಗೆ ಏನು ಮಾಡಬೇಕು?

» ‘ನನ್ನ ಖಾತೆ ಯಾವ ಸ್ಕೀಂನಲ್ಲಿದೆ?’ ಅಂತ ಶಾಖೆಯಲ್ಲಿ ಕೇಳಿ. ಸಾಮಾನ್ಯ ಉಳಿತಾಯ ಖಾತೆಯನ್ನು ಬೇಸಿಕ್ ಸೇವಿಂಗ್ಸ್ ಖಾತೆಯಾಗಿ ಬದಲಿಸಿಕೊಡಿ ಎಂದು ಅರ್ಜಿ ಕೊಡಬಹುದು. ಇದರಲ್ಲಿ ಮಿನಿಮಮ್ ಬ್ಯಾಲೆನ್ಸ್ ಇಲ್ಲ, ಎಟಿಎಂ ಕಾರ್ಡ್‌ಗೆ ವಾರ್ಷಿಕ ಶುಲ್ಕ ಇಲ್ಲ, ತಿಂಗಳಿಗೆ ಕನಿಷ್ಠ 4 ಸಲ ಹಣ ತೆಗೆಯುವುದು ಉಚಿತ. ಆದರೆ ಅದೇ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ಇರುವಂತಿಲ್ಲ.

» ಎರಡು ವರ್ಷ ವಹಿವಾಟು ಇಲ್ಲದ ಖಾತೆ ನಿಷ್ಕ್ರಿಯವಾಗುತ್ತದೆ. ಅದಕ್ಕೆ ಮಿನಿಮಮ್ ಬ್ಯಾಲೆನ್ಸ್ ದಂಡ ಹಾಕುವಂತಿಲ್ಲ. ಮತ್ತೆ ಚಾಲು ಮಾಡಿಸಲೂ ಶುಲ್ಕ ಇಲ್ಲ. ಕೆವೈಸಿ ದಾಖಲೆ ಕೊಟ್ಟರೆ ಸಾಕು.

» ಬಳಸದ ಎಟಿಎಂ ಕಾರ್ಡ್, ಬಳಸದ ಖಾತೆ ಇದ್ದರೆ ಮುಚ್ಚಿಸಿ.

ತಪ್ಪಾಗಿ ಕಟ್ ಆಗಿದ್ದರೆ ಎಲ್ಲಿ ದೂರು?

ಮೊದಲು ನಿಮ್ಮ ಶಾಖೆಗೆ ಲಿಖಿತ ದೂರು ಕೊಡಿ. ಬಾಯಿಮಾತಲ್ಲಿ ಹೇಳಿ ಬರಬೇಡಿ, ಸ್ವೀಕೃತಿ ತಗೊಳ್ಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಇದಕ್ಕೆ ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. ಮಾಹಿತಿಗೆ 14448ಕ್ಕೆ ಕರೆ ಮಾಡಿ. ‘ಕಟ್ ಆದ ಹಣ ವಾಪಸ್ ಕೊಡ್ತೀವಿ, ಒಟಿಪಿ ಹೇಳಿ’ ಅಂತ ಯಾರಾದರೂ ಫೋನ್ ಮಾಡಿದರೆ ಅದು ಮೋಸ. ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

ಮನೆಯಲ್ಲಿ ಹಿರಿಯರಿದ್ದರೆ ಈ ತಿಂಗಳು ಒಮ್ಮೆ ಅವರ ಪಾಸ್‌ಬುಕ್ ಎಂಟ್ರಿ ಮಾಡಿಸಿ, ಒಂದೊಂದು ಸಾಲನ್ನೂ ಓದಿ ಹೇಳಿ. ಯಾಕೆ ಕಟ್ ಆಯ್ತು ಅಂತ ಗೊತ್ತಾಗದ ಸಾಲಿದ್ದರೆ ಅದನ್ನು ಹಿಡಿದುಕೊಂಡೇ ಶಾಖೆಗೆ ಹೋಗಿ.