ಮೆಲ್ಲಗೆ ಕುಂದುವ ದೀಪದ ಚರಿತ್ರೆ

ದೀಪವನ್ನು ಹೊತ್ತಿಸುವುದೂ ನಂದಿಸುವುದೂ ಸುಲಭ. ಮೆಲ್ಲಮೆಲ್ಲನೆ ಕುಂದಿಸುವುದು ಕಷ್ಟ. ಈ ಕಷ್ಟವನ್ನು ಮನುಷ್ಯನು ಗೆದ್ದ ಬಗೆಯನ್ನು ಹಬ್ಬದ ವಿದ್ಯುದ್ದೀಪಗಳ ಚರಿತ್ರೆಯಲ್ಲಿ ನಾವು ಕಾಣುತ್ತೇವೆ.

1881ರಲ್ಲಿ ಲಂಡನ್ನಿನ ಸವಾಯ್ ನಾಟಕಶಾಲೆಯಲ್ಲಿ ವಿದ್ಯುತ್ತಿಗೆ ತಡೆಯೊಡ್ಡಿ ರಂಗದ ಬೆಳಕನ್ನು ಏರಿಸಿ ಇಳಿಸಿದರು. ಮರುವರ್ಷ ಎಡಿಸನ್ನನ ಸಹೋದ್ಯೋಗಿ ಎಡ್ವರ್ಡ್ ಜಾನ್ಸನ್ ನ್ಯೂಯಾರ್ಕಿನ ತನ್ನ ಮನೆಯಲ್ಲಿ ತಿರುಗುವ ಕ್ರಿಸ್ಮಸ್ ಮರಕ್ಕೆ 80 ಬಲ್ಬುಗಳನ್ನು ತೊಡಿಸಿದನು; ಮರ ತಿರುಗಿದಂತೆ ಅವು ಸರದಿಯಾಗಿ ಹೊತ್ತಿ ಆರುತ್ತಿದ್ದವು.

ತಡೆಯೊಡ್ಡುವ ವಿಧಾನದಲ್ಲಿ ಬಹಳಷ್ಟು ವಿದ್ಯುತ್ತು ಶಾಖವಾಗಿ ವ್ಯರ್ಥವಾಗುತ್ತಿತ್ತು. 1957ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯವರು ರೂಪಿಸಿದ ಥೈರಿಸ್ಟರ್ ಈ ಕೊರತೆಯನ್ನು ನೀಗಿತು. ಪ್ರವಾಹದ ಪ್ರತಿ ಅಲೆಯಲ್ಲಿಯೂ ಅದು ಎಷ್ಟು ತಡವಾಗಿ ಬಾಗಿಲು ತೆರೆಯುವುದೋ ಅಷ್ಟು ಬೆಳಕು ತಗ್ಗುವುದು. 1986ರ ಡಿ.ಎಂ.ಎಕ್ಸ್. 512 ಎಂಬ ಪದ್ಧತಿಯು ಒಂದೇ ತಂತಿಯಲ್ಲಿ 512 ವಾಹಿನಿಗಳಿಗೆ 0ಯಿಂದ 255ರವರೆಗಿನ ಅಂಕಿಗಳಲ್ಲಿ ಅಪ್ಪಣೆಯಿತ್ತಿತು. 2004ರಲ್ಲಿ ಒಹಾಯೊ ಸಂಸ್ಥಾನದ ಮೇಸನ್ ಊರಿನ ಮನೆಯೊಂದರಲ್ಲಿ ಸುಮಾರು 16,000 ದೀಪಗಳು ಗಣಕಯಂತ್ರದ ಅಪ್ಪಣೆಯಂತೆ ಸಂಗೀತಕ್ಕೆ ಕುಣಿದವು.

ಈಗ ತಂತ್ರಾಂಶಕ್ಕೆ ಆರಂಭದ ಬೆಳಕು, ಕೊನೆಯ ಬೆಳಕು, ನಡುವಣ ಕಾಲ, ಈ ಮೂರನ್ನು ತಿಳಿಸಿದರೆ ಸಾಕು. ಉಳಿದ ಅಂಕಿಗಳನ್ನು ಅದೇ ತುಂಬುತ್ತದೆ. ಆದರೆ ನಮ್ಮ ಕಣ್ಣು ಬೆಳಕನ್ನು ಸಮನಾಗಿ ಅಳೆಯದು. ಕತ್ತಲಲ್ಲಿ ಅಲ್ಪ ಏರಿಕೆಯೂ ಅದಕ್ಕೆ ದೊಡ್ಡದು. ಉಜ್ವಲ ಬೆಳಕಿನಲ್ಲಿ ಅಷ್ಟೇ ಏರಿಕೆ ಕಾಣದೆಯೇ ಹೋಗುವುದು. ಹಳೆಯ ಬಲ್ಬಿನ ತಂತು ತಣಿಯಲು ಹಿಡಿಯುವ ಹೊತ್ತು ಈ ಒರಟನ್ನು ಸ್ವಲ್ಪ ಮರೆಸುತ್ತಿತ್ತು, ಎಲ್.ಇ.ಡಿ. ದೀಪವು ಅಂಕಿಯನ್ನು ತತ್‌ಕ್ಷಣವೇ ಪಾಲಿಸುತ್ತದೆ. ಆದುದರಿಂದ ಕೆಳಗಿನ ಮೆಟ್ಟಿಲುಗಳನ್ನು ಕಿರಿದಾಗಿಯೂ ಮೇಲಿನವನ್ನು ಹಿರಿದಾಗಿಯೂ ಇಡಬೇಕಾಗುತ್ತದೆ. ನಮ್ಮ ದೀಪಾವಳಿಯ ತೋರಣಗಳಿಗೂ ಸಲ್ಲುವ ನಿಯಮವಿದು: ಲೆಕ್ಕವನ್ನು ಯಂತ್ರ ಮಾಡಲಿ, ಹದವನ್ನು ಕಣ್ಣು ಹೇಳಲಿ.