ನಾಗವಲ್ಲಿಯ ಎರಡನೇ ಮನೆ

ಪೋಸ್ಟ್ 1

ಮೊದಲಿಗೆ ಒಂದು ತಪ್ಪೊಪ್ಪಿಗೆ. ಹೋದ ತಿಂಗಳು ನಾನು ಹಾಕಿದ ರೀಲ್ ನೆನಪುಂಟಾ? ಪಡೀಲ್ ಒಳರಸ್ತೆಯ ಬೀಗ ಹಾಕಿದ ಹಂಚಿನ ಮನೆ, ತುಕ್ಕು ಹಿಡಿದ ಕಿಟಕಿ ಸರಳು, ಹಿಂದಿನಿಂದ ಗಂಟಲು ಕಟ್ಟಿದ ಹಾಗೆ 'ಕ್ರ್...ಕ್ರ್...' ಶಬ್ದ, ಮೇಲೆ 'ನಮ್ಮೂರಿನ ಕಯಾಕೊ' ಅಂತ ಬರಹ. ನಿಮ್ಮಲ್ಲಿ ತುಂಬಾ ಜನ ಶೇರ್ ಮಾಡಿದ್ರಿ, ಥ್ಯಾಂಕ್ಸ್. ಆದ್ರೆ ಎರಡೇ ದಿನಕ್ಕೆ ನಾನದನ್ನು ಡಿಲೀಟ್ ಮಾಡಿದೆ. ಯಾಕೆ ಮಾರಾಯ ಅಂತ ಮೆಸೇಜ್ ಹಾಕಿದವರಿಗೆಲ್ಲ ಈ ಸರಣಿಯೇ ಉತ್ತರ. ಕಾರಣ ಕೊನೆಯ ಪೋಸ್ಟಲ್ಲಿ ಉಂಟು. ಅದಕ್ಕಿಂತ ಮೊದಲು ಸ್ವಲ್ಪ ಇತಿಹಾಸ ಓದಲೇಬೇಕು. ಸಿನಿಮಾದ ಇತಿಹಾಸ ಆಯ್ತಾ, ಇಂಟರ್ನಲ್ಸ್‌ಗೆ ಬರುವುದಲ್ಲ.

ಪೋಸ್ಟ್ 2

ಕಯಾಕೊ ಯಾರು ಅಂತ ಗೊತ್ತಿಲ್ಲದವರಿಗೆ: ಜಪಾನಿನ 'ಜು-ಆನ್' ಸರಣಿಯ ಹೆಣ್ಣು. ಆ ಹೆಸರಲ್ಲೇ ಶಾಪವೂ ಉಂಟು, ಹಗೆಯೂ ಉಂಟು. 1998ರಲ್ಲಿ ತಾಕಾಶಿ ಶಿಮಿಜು ಎಂಬ ನಿರ್ದೇಶಕ ಟಿವಿಗೆ ಮಾಡಿಕೊಟ್ಟ, ತಲಾ ಮೂರು ನಿಮಿಷದ ಎರಡು ಕಿರುಚಿತ್ರಗಳಿಂದ ಎಲ್ಲ ಶುರು. 2000ದಲ್ಲಿ ಥಿಯೇಟರಿಗೆ ಹೋಗದೆ ನೇರವಾಗಿ ವಿಡಿಯೋಗೆ ಬಂದ ಎರಡು ಚಿತ್ರ, ಆಮೇಲೆ ದೊಡ್ಡ ಪರದೆ, 2004ರಲ್ಲಿ ಅದೇ ಶಿಮಿಜು ನಿರ್ದೇಶನದ ಹಾಲಿವುಡ್ 'ದಿ ಗ್ರಜ್'.

ಕಥೆ ಚಿಕ್ಕದು. ಟೋಕಿಯೊದ ಒಂದು ಸಾಧಾರಣ ಮನೆ. ಹೆಂಡತಿಯ ಡೈರಿ ಓದಿದ ಗಂಡನಿಗೆ ಸಂಶಯ ಹುಟ್ಟುತ್ತದೆ. ಅವಳನ್ನು ಕೊಲ್ಲುತ್ತಾನೆ. ಮಗನೂ ಉಳಿಯುವುದಿಲ್ಲ, ಬೆಕ್ಕೂ ಉಳಿಯುವುದಿಲ್ಲ. ಅಲ್ಲಿಂದ ಮುಂದೆ ಆ ಮನೆಗೆ ಕಾಲಿಟ್ಟವರೆಲ್ಲ ಸಾಯುತ್ತಾರೆ. ಸೇವೆ ಮಾಡಲು ಬಂದ ಹುಡುಗಿ, ತನಿಖೆಗೆ ಬಂದ ಪೊಲೀಸ್, ಮಗು ಶಾಲೆಗೆ ಬರಲಿಲ್ಲ ಅಂತ ವಿಚಾರಿಸಲು ಬಂದ ಟೀಚರ್. ಇವರು ಯಾರೂ ಅವಳಿಗೆ ಎಂತದೂ ಮಾಡಿದವರಲ್ಲ.

ಒಂದನೇ ಚಿತ್ರ ನೋಡುವಾಗ ಪಾಪ ಅನಿಸುತ್ತದೆ. ಆರನೆಯದು, ಏಳನೆಯದು ನೋಡುವಾಗ ಅವಳು ಬರೀ ಮೆಟ್ಟಿಲು ಇಳಿದು ಬರುವ ಶಬ್ದ. 2015ರ 'ದಿ ಫೈನಲ್ ಕರ್ಸ್' ನನಗೆ ಇಷ್ಟವಾದದ್ದಲ್ಲ, ಆದ್ರೆ ಅದರಲ್ಲಿ ಒಂದು ವಿಚಾರ ಉಂಟು. ಹೊತ್ತಿಗೆ ಆ ಮನೆಯನ್ನೇ ಕೆಡವಿ ಆಗಿದೆ. ಮನೆಯೇ ಇಲ್ಲದ ಮೇಲೆ ಶಾಪ ಎಲ್ಲಿ? ಮಗು ತೊಶಿಯೊನ ಜೊತೆ ಅದು ಸಂಬಂಧಿಕರ ಮನೆಗೆ ಹೋಗುತ್ತದೆ. ಹೆಸರು 'ಫೈನಲ್' ಅಂತ ಇಟ್ಟರೂ ಮರುವರ್ಷ 2016ರಲ್ಲಿ 'ಸಡಾಕೊ ವರ್ಸಸ್ ಕಯಾಕೊ' ಬಂತು! 'ರಿಂಗ್' ಚಿತ್ರದ ಸಡಾಕೊಗೂ ಇವಳಿಗೂ ಫೈಟ್. ಕೊಲೆಯಾದ ಇಬ್ಬರು ಹೆಂಗಸರನ್ನು ಕೋಳಿ ಅಂಕಕ್ಕೆ ಬಿಟ್ಟ ಹಾಗೆ.

ಸೀಕ್ವೆಲ್‌ಗೆ ಒಂದು ಅನಿವಾರ್ಯ ಉಂಟು ನೋಡಿ. ಅವಳ ಸಿಟ್ಟು ಇಳಿಯಲೇಬಾರದು. ಇಳಿದರೆ ಮುಂದಿನ ಭಾಗಕ್ಕೆ ಟಿಕೆಟ್ ಇಲ್ಲ.

ಪೋಸ್ಟ್ 3

ಇದೆಲ್ಲ ಜಪಾನಿನ ಕಥೆ ಅಂತ ಸ್ವೈಪ್ ಮಾಡಿ ಹೋಗಬೇಡಿ. 'ದಿ ಗ್ರಜ್' ಬಂದದ್ದು 2004ರ ಅಕ್ಟೋಬರಲ್ಲಿ. ಅದಕ್ಕೆ ಎರಡು ತಿಂಗಳ ಮೊದಲು, ಆಗಸ್ಟ್ 27ಕ್ಕೆ, ನಮ್ಮಲ್ಲೇ ಒಂದು ಮನೆಯ ಬಾಗಿಲು ತೆರೆದಿತ್ತು. 'ಆಪ್ತಮಿತ್ರ'.

ಮೂಲ ಮಲಯಾಳದ್ದು. 1993ರಲ್ಲಿ ಫಾಜಿಲ್ ಮಾಡಿದ 'ಮಣಿಚಿತ್ರತ್ತಾಳ್', ಮಧು ಮುಟ್ಟಂ ಬರೆದ ಕಥೆ, ಶೋಭನಾಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಪಾತ್ರ. ಕನ್ನಡಕ್ಕೆ ತಂದವರು ನಿರ್ದೇಶಕ ಪಿ. ವಾಸು, ನಿರ್ಮಾಪಕ ದ್ವಾರಕೀಶ್. ವಿಷ್ಣುವರ್ಧನ್, ಸೌಂದರ್ಯ, ರಮೇಶ್ ಅರವಿಂದ್. ಸಂಗೀತ ನಮ್ಮ ಮಂಗಳೂರಿನ ಗುರುಕಿರಣ್ ಅವರದ್ದು. 'ರಾ ರಾ' ಹಾಡು ಕೇಳಿದ್ರೆ ಈಗಲೂ ನನ್ನ ತಂಗಿ ಅಡುಗೆಮನೆಗೆ ಓಡ್ತಾಳೆ.

ಇಲ್ಲೂ ಕಥೆ ಅದೇ ಅಲ್ವಾ? ರಾಜ ವಿಜಯ ರಾಜೇಂದ್ರ ಬಹದ್ದೂರ್ ಒಬ್ಬ ನರ್ತಕಿಯನ್ನು ಬಯಸುತ್ತಾನೆ. ಅವಳು ಬೇರೆಯವನನ್ನು ಪ್ರೀತಿಸುತ್ತಾಳೆ. ಇಬ್ಬರನ್ನೂ ಕೊಲ್ಲುತ್ತಾನೆ. ಕೋಣೆಗೆ ಬೀಗ ಬೀಳುತ್ತದೆ. ಆದ್ರೆ ಜಪಾನಿಗೂ ನಮಗೂ ಒಂದು ದೊಡ್ಡ ವ್ಯತ್ಯಾಸ ಉಂಟು. 'ಆಪ್ತಮಿತ್ರ'ದ ಡಾ. ವಿಜಯ್ ಪ್ರಕಾರ ಆ ಮನೆಯಲ್ಲಿ ಸಮಸ್ಯೆ ದೆವ್ವದ್ದಲ್ಲ, ಮನಸ್ಸಿನದ್ದು. ನಾಗವಲ್ಲಿಯ ಕಥೆ ಕೇಳಿ ಕೇಳಿ ಗಂಗಾ ಎಂಬ ಹುಡುಗಿ ತನ್ನನ್ನೇ ನಾಗವಲ್ಲಿ ಅಂದುಕೊಂಡಿದ್ದಾಳೆ. ಡಾಕ್ಟರ್ ಅವಳನ್ನು ಓಡಿಸುವುದಿಲ್ಲ, ಕಟ್ಟಿಹಾಕುವುದಿಲ್ಲ. ರಾಜನ ಬದಲು ಒಂದು ಬೊಂಬೆ ಇಟ್ಟು, ಅವಳ ಕೈಯಿಂದಲೇ ಸೇಡು ತೀರಿಸುತ್ತಾನೆ. ಸುಳ್ಳು ನ್ಯಾಯವೇ ಇರಲಿ, ಅವಳಿಗೆ ಅಷ್ಟಾದರೂ ಸಿಕ್ಕಿತು. ಸಿಟ್ಟು ಇಳಿಯಿತು. ಕಥೆ ಮುಗಿಯಿತು.

ಮುಗಿದ ಮೇಲೆ ಎರಡನೇ ಭಾಗ ಹೇಗೆ ಮಾಡುವುದು?

ಜಪಾನಿನವರು 2015ರಲ್ಲಿ ಮಾಡಿದ್ದನ್ನು ಪಿ. ವಾಸು ಐದು ವರ್ಷ ಮೊದಲೇ ಮಾಡಿದ್ರು. ಮನೆ ಬಿಟ್ಟು ಹೊರಗೆ ಬಂದ್ರು. 2010ರ ಫೆಬ್ರವರಿ 19ಕ್ಕೆ ತೆರೆಗೆ ಬಂದ 'ಆಪ್ತರಕ್ಷಕ'ದಲ್ಲಿ ನಾಗವಲ್ಲಿಯ ಒಂದು ವರ್ಣಚಿತ್ರ ಇದೆ. ಆ ಪಟ ಹೋದ ಮನೆಗೆ ಅವಳೂ ಹೋಗ್ತಾಳೆ. ಅರಮನೆ ಬೇಡ, ಒಂದು ಗೋಡೆ, ಒಂದು ಮೊಳೆ ಸಾಕು.

ಈ ಚಿತ್ರದಲ್ಲಿ ನಿಮಗೆಲ್ಲ ನೆನಪಿರುವುದು ಎಂತ? 'ಹೌಲಾ ಹೌಲಾ'. ವಿಷ್ಣುವರ್ಧನ್ ಇದರಲ್ಲಿ ಡಾಕ್ಟರೂ ಹೌದು, ರಾಜನೂ ಹೌದು. ನೂರು ವರ್ಷ ದಾಟಿದ ಆ ರಾಜ ಇನ್ನೂ ಬದುಕಿದ್ದಾನೆ! ನಮ್ಮ ಕಾಲೇಜ್ ಡೇಯಲ್ಲಿ ಬ್ಯಾಗಿಗೆ ಕಟ್ಟಿದ ಶಾಲು ಹಿಂದಕ್ಕೆ ಎಸೆದು 'ಹೌಲಾ ಹೌಲಾ' ಮಾಡದ ಬ್ಯಾಚ್ ಇಲ್ಲ. ನಾನೂ ಮಾಡಿದ್ದೇನೆ, ಸೆಕೆಂಡ್ ಪ್ರೈಜ್ ಬಂದಿತ್ತು. ವಿಷ್ಣು ಸರ್ ಅಭಿನಯ ಹಾಗಿತ್ತು ಮಾರಾಯ್ರೆ, ಮೀಸೆ ಅಲ್ಲಾಡಿದ್ರೂ ಶಿಳ್ಳೆ. ಆದ್ರೆ ಒಂದು ಕ್ಷಣ ನಿಲ್ಲಿ. ಅವಳನ್ನು ಕೊಂದವನು ಅವನು. ಒಂದನೇ ಭಾಗದಲ್ಲಿ ಬೊಂಬೆಯಾಗಿ ಸತ್ತವನು, ಎರಡನೇ ಭಾಗದಲ್ಲಿ ಎದ್ದು ಕೂತು ಚಪ್ಪಾಳೆ ಗಿಟ್ಟಿಸಿದ.

ಪೋಸ್ಟ್ 4

ಇಲ್ಲಿಂದ ಕಥೆ ಪರದೆಯ ಹೊರಗೆ ಬರುತ್ತದೆ. ಈ ಪೋಸ್ಟ್ ನಗುತ್ತಾ ಓದಬೇಡಿ.

ಸೌಂದರ್ಯ ತೀರಿಕೊಂಡದ್ದು 2004ರ ಏಪ್ರಿಲ್ 17ಕ್ಕೆ. ಲೋಕಸಭಾ ಚುನಾವಣೆ ಸಮಯ. ಪ್ರಚಾರಕ್ಕೆ ಹೋಗಲು ಬೆಂಗಳೂರಿನ ಜಕ್ಕೂರಿನಿಂದ ಹೊರಟ ಸಣ್ಣ ವಿಮಾನ ಕೆಲವೇ ನಿಮಿಷದಲ್ಲಿ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಬಿತ್ತು. ಅವರ ಅಣ್ಣನೂ ಸೇರಿ ಒಳಗಿದ್ದ ನಾಲ್ಕೂ ಜನ ಹೋದ್ರು. 'ಆಪ್ತಮಿತ್ರ' ಬಿಡುಗಡೆಯಾಗುವಾಗ ಅವರು ಇಲ್ಲದೆ ನಾಲ್ಕು ತಿಂಗಳು ಕಳೆದಿತ್ತು. ವಿಷ್ಣುವರ್ಧನ್ ತೀರಿಕೊಂಡದ್ದು 2009ರ ಡಿಸೆಂಬರ್ 30ಕ್ಕೆ, ಮೈಸೂರಿನಲ್ಲಿ, ಹೃದಯಾಘಾತದಿಂದ. 59 ವರ್ಷ. 'ಆಪ್ತರಕ್ಷಕ' ಬಂದದ್ದು ಅದಾಗಿ ಎರಡು ತಿಂಗಳೊಳಗೆ. ಎರಡೂ ಸಲ ಜನ ಥಿಯೇಟರಿಗೆ ಹೋದದ್ದು ಇಲ್ಲದವರನ್ನು ನೋಡಲು.

ಆ ದುಃಖದಲ್ಲಿ ಒಂದು ಗಾಳಿಮಾತು ಹುಟ್ಟಿತು: 'ನಾಗವಲ್ಲಿ ಬಲಿ ತಗೊಂಡ್ಳು.' ಈಗಲೂ ಆರು ತಿಂಗಳಿಗೊಮ್ಮೆ ಕೆಂಪು ಬಾಣದ ಗುರುತು ಹಾಕಿದ ರೀಲ್ ಆಗಿ ಬರುತ್ತದೆ. ಕಳೆದ ಸಲ ನಮ್ಮ ಕ್ಲಾಸ್ ಗ್ರೂಪಿಗೂ ಬಂತು.

ಲೆಕ್ಕ ಹಾಕುವ ಬನ್ನಿ. 1993ರಲ್ಲಿ ನಾಗವಲ್ಲಿಯಾದ ಶೋಭನಾ ಇವತ್ತಿಗೂ ಭರತನಾಟ್ಯ ಕಲಿಸುತ್ತಿದ್ದಾರೆ. 2005ರ ತಮಿಳು 'ಚಂದ್ರಮುಖಿ'ಯ ಜ್ಯೋತಿಕಾ, 2007ರ ಹಿಂದಿ 'ಭೂಲ್ ಭುಲಯ್ಯಾ'ದ ವಿದ್ಯಾ ಬಾಲನ್, ಇಬ್ಬರೂ ಆಮೇಲೆ ಸಾಲು ಸಾಲು ಚಿತ್ರ ಮಾಡಿದ್ರು. ಪಿ. ವಾಸು ಅಂತೂ ಈ ಕಥೆಯನ್ನು ಬಿಡಲೇ ಇಲ್ಲ. 'ಆಪ್ತಮಿತ್ರ', 'ಚಂದ್ರಮುಖಿ', 'ಆಪ್ತರಕ್ಷಕ', 2010ರಲ್ಲೇ ತೆಲುಗಿನ 'ನಾಗವಲ್ಲಿ', 2023ರಲ್ಲಿ 'ಚಂದ್ರಮುಖಿ 2'. ಐದು ಸಲ ಅವಳ ಬಾಗಿಲು ತಟ್ಟಿದ ಮನುಷ್ಯ. ಶಾಪ ಇದ್ದಿದ್ರೆ ಮೊದಲು ಅವರನ್ನೇ ಹುಡುಕಿಕೊಂಡು ಹೋಗ್ಬೇಕಿತ್ತು.

ನಂಗೆ ಬೇಜಾರಾಗುವುದು ಮೂಢನಂಬಿಕೆ ಅನ್ನೋ ಕಾರಣಕ್ಕೆ ಮಾತ್ರ ಅಲ್ಲ. ಒಬ್ಬ ನಟಿ ಅಪಘಾತದಲ್ಲಿ ಹೋದ್ರು. ಅದು ವಿಮಾನದ ವಿಷಯ, ತನಿಖೆಯ ವಿಷಯ. ಅದನ್ನು ತಂದು ಕಥೆಯೊಳಗಿನ ಇನ್ನೊಬ್ಬ ಹೆಣ್ಣಿನ ತಲೆಗೆ ಕಟ್ಟಿದೆವು. ಕೊಲೆಯಾದವಳ ಮೇಲೆಯೇ ಕೊಲೆಯ ಕೇಸ್! ರಾಜನ ಶಾಪ ಅಂತ ಯಾರೂ ಹೇಳಲಿಲ್ಲ, ಗಮನಿಸಿದ್ದೀರಾ?

ಪೋಸ್ಟ್ 5

ಇಂಥದ್ದು ನಮ್ಮಲ್ಲಿ ಮಾತ್ರ ಅಂತ ಅಂದುಕೊಳ್ಳಬೇಡಿ. ಕಯಾಕೊನ ಅಜ್ಜಿ ಅಂತ ಹೇಳಬಹುದಾದವಳು ಒಬ್ಬಳಿದ್ದಾಳೆ: ಓಇವಾ. 1825ರಲ್ಲಿ ಈಗಿನ ಟೋಕಿಯೊ, ಆಗಿನ ಎಡೊದಲ್ಲಿ ತ್ಸುರುಯಾ ನಾನ್ಬೊಕು ಬರೆದ 'ಯೊತ್ಸುಯಾ ಕೈದಾನ್' ಎಂಬ ಕಬುಕಿ ನಾಟಕದ ಹೆಣ್ಣು. ಗಂಡನ ದ್ರೋಹ, ವಿಷದಿಂದ ವಿರೂಪವಾದ ಮುಖ, ಬಾಚಿದರೆ ಉದುರುವ ಕೂದಲು. ಕಯಾಕೊ ಮುಖದ ಮೇಲೆ ಬೀಳುವ ಆ ಕಪ್ಪು ಕೂದಲಿನ ಮೂಲ ಈ ಪರಂಪರೆ. ನಾಟಕ ಆಡುವ ಮೊದಲು ಕಲಾವಿದರು ಓಇವಾಳ ಗುಡಿಗೆ ಹೋಗಿ ಕೈಮುಗಿದು ಬರುತ್ತಾರೆ. ಹೋಗದಿದ್ದರೆ ಅವಘಡ ಆಗುತ್ತದೆ ಅಂತ ನಂಬಿಕೆ. ತಮಾಷೆ ಎಂದರೆ, ಆ ಗುಡಿಯವರು ಹೇಳುವ ಓಇವಾ ಬೇರೆಯೇ. ಸುಮಾರು 200 ವರ್ಷ ಮೊದಲು ಬದುಕಿದ್ದ, ದೇವರಿಗೆ ನಡೆದುಕೊಂಡು ಬಡತನದಿಂದ ಮನೆಯನ್ನು ಎತ್ತಿದ ಒಳ್ಳೆಯ ಗೃಹಿಣಿಯಂತೆ. ಭೂತ ಮಾಡಿದ್ದು ನಾಟಕದವರು.

ಭೂತ ಅಂದ ಕೂಡಲೇ ನಮ್ಮೂರಿನವರಿಗೆ ಒಂದು ಸ್ಪಷ್ಟನೆ ಬೇಕಾಗುತ್ತದೆ. ಹೊರಗಿನ ಫಾಲೋವರ್ಸ್ ಕೇಳಿ. ತುಳುನಾಡಿನಲ್ಲಿ ಭೂತ ಅಂದ್ರೆ ದೈವ, ನಂಬಿದವರನ್ನು ಕಾಯುವ ಶಕ್ತಿ. ಸತ್ತವರ ಆತ್ಮಕ್ಕೆ ತುಳುವಿನಲ್ಲಿ 'ಕುಲೆ' ಅಂತ ಬೇರೆ ಪದವೇ ಉಂಟು. ಆ ಕುಲೆಯನ್ನೂ ನಮ್ಮ ಹಿರಿಯರು ಬೀಗ ಹಾಕಿ ಇಡುವುದಿಲ್ಲ. ಆಟಿ ತಿಂಗಳಲ್ಲಿ ಎಲೆ ಹಾಕಿ ಬಡಿಸುತ್ತಾರೆ. ಚಿಕ್ಕಂದಿನಲ್ಲೇ ತೀರಿಹೋದ ಮಕ್ಕಳಿಗೆ ಪ್ರಾಯ ಬಂತು ಅಂತ ಲೆಕ್ಕ ಹಾಕಿ, ಇನ್ನೊಂದು ಮನೆಯ ಕುಲೆಯ ಜೊತೆ ಸಂಬಂಧ ನೋಡಿ ಮದುವೆ ಮಾಡಿಸುತ್ತಾರೆ. 2024ರಲ್ಲಿ ಪುತ್ತೂರು ಕಡೆಯ ಒಂದು ಮನೆಯವರು ತೀರಿಹೋದ ಮಗಳಿಗೆ ವರ ಬೇಕು ಅಂತ ಜಾಹೀರಾತು ಕೊಟ್ಟದ್ದು ದೇಶಕ್ಕೆಲ್ಲ ಸುದ್ದಿಯಾಯ್ತು. ಹೊರಗಿನವರು ನಕ್ಕರು. ನನಗೆ ಮೂವತ್ತು ವರ್ಷ ಕಳೆದ ಮೇಲೂ ಮಗಳ ಪ್ರಾಯ ಎಣಿಸುತ್ತಿದ್ದ ಮನೆ ಕಾಣಿಸಿತು.

ಇನ್ನು ಸಿರಿ. ಸಿರಿಯ ಕಥೆ ಗೊತ್ತಿಲ್ಲದಿದ್ದರೆ ಇವತ್ತೇ ಅಜ್ಜಿ ಹತ್ತಿರ ಕೇಳಿ. ಬೇರೆ ಹೆಣ್ಣು ಉಟ್ಟು ನೋಡಿದ ಸೀರೆಯನ್ನು ಗಂಡ ತನಗೆ ತಂದಾಗ ಬೇಡ ಅಂದವಳು, ಕೊನೆಗೆ ಗಂಡನನ್ನೇ ಬಿಟ್ಟು ಹೊರಟವಳು. ಬೆಳ್ತಂಗಡಿ ಕಡೆಯ ಗೋಪಾಲ ನಾಯ್ಕರು 1990ರಲ್ಲಿ ಹಾಡಿದ ಸಿರಿ ಪಾಡ್ದನವನ್ನು ಫಿನ್ಲೆಂಡಿನ ಲೌರಿ ಹಾಂಕೊ, ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರು ದಾಖಲಿಸಿದರು. 1998ರಲ್ಲಿ ಪುಸ್ತಕವಾಗಿ ಬಂತು, 15,683 ಸಾಲು.

ಕವತ್ತಾರು, ನಂದಳಿಕೆ, ಹಿರಿಯಡ್ಕದ ಸಿರಿ ಜಾತ್ರೆಯ ರಾತ್ರಿ ನೂರಾರು ಹೆಂಗಸರ ಮೈಮೇಲೆ ಸಿರಿ, ಸೊನ್ನೆ, ಅಬ್ಬಗ, ದಾರಗ ಬರುತ್ತಾರೆ. ಕೈಯಲ್ಲಿ ಹಿಂಗಾರ. ಯಾರೂ ಕಿರುಚಿ ಓಡುವುದಿಲ್ಲ. ಎದುರು ನಿಂತ ಕುಮಾರ ಮಾತಾಡಿಸುತ್ತಾನೆ. ನೀನು ಯಾರು, ಯಾಕೆ ಬಂದೆ, ಎಂತ ನೋವು ಅಂತ. ಅವಳು ಹೇಳುತ್ತಾಳೆ. ಮನೆಯವರು ನಿಂತು ಕೇಳುತ್ತಾರೆ. ಡಾ. ವಿಜಯ್ ಮಾಡಿದ್ದೂ ಹೆಚ್ಚುಕಡಿಮೆ ಅದನ್ನೇ ಅಲ್ವಾ? ಅವನಿಗೆ ಬೊಂಬೆ ಬೇಕಾಯಿತು, ಇಲ್ಲಿ ಅದೂ ಬೇಡ.

ಪೋಸ್ಟ್ 6

2025ರ ಜುಲೈಯಲ್ಲಿ 'ಸು ಫ್ರಮ್ ಸೋ' ನೋಡಲು ನಾವು ಇಡೀ ಬೆಂಚು ಹೋದದ್ದು ನೆನಪುಂಟಲ್ಲ? ಸುಲೋಚನಾ ಫ್ರಮ್ ಸೋಮೇಶ್ವರ. ನಮ್ಮ ಪಡೀಲಿಂದ ಹೊರಟರೆ ನೇತ್ರಾವತಿ ಸೇತುವೆ ದಾಟಿ ಸ್ವಲ್ಪ ದೂರ, ಅಷ್ಟೇ. ಗಡಿ ಕಡೆಯ ತುಮಿನಾಡಿನ ಜೆ.ಪಿ. ತುಮಿನಾಡ್ ಬರೆದು, ನಿರ್ದೇಶಿಸಿ, ಅಶೋಕನ ಪಾತ್ರವನ್ನೂ ಮಾಡಿದ್ರು. ಅಶೋಕ ತನ್ನ ತಪ್ಪು ಮುಚ್ಚಲು ಮೈಮೇಲೆ ಸುಲೋಚನಾ ಬಂದ ಹಾಗೆ ನಾಟಕ ಮಾಡುತ್ತಾನೆ. ನಾವು ಬಿದ್ದು ಬಿದ್ದು ನಕ್ಕೆವು. ಆಮೇಲೆ ಸುಲೋಚನಾಳ ಮಗಳು ಭಾನು ಬರುತ್ತಾಳೆ. ಥಿಯೇಟರ್ ಒಮ್ಮೆಲೇ ಸುಮ್ಮನಾಯ್ತು. ಅಷ್ಟು ಹೊತ್ತು ನಕ್ಕ ಹೆಸರಿನ ಹಿಂದೆ ಒಬ್ಬ ಹೆಂಗಸು ಬದುಕಿದ್ದಳು, ಅವಳಿಗೆ ಒಂದು ಮಗು ಇತ್ತು.

ನನ್ನ ರೀಲ್ ವಿಷಯಕ್ಕೆ ಬರ್ತೇನೆ. ಅದು ಹಾಕಿದ ಮರುದಿನ ಸಂಜೆ, ರೈಲ್ವೆ ಅಂಡರ್‌ಪಾಸ್ ಹತ್ತಿರ ಆ ಮನೆಯ ಪಕ್ಕದ ಅಜ್ಜಿ ಸಿಕ್ಕಿದ್ರು. ಬೈಯಲಿಲ್ಲ. "ಮಗಾ, ನೀನು ವಿಡಿಯೋ ಮಾಡಿದ್ದಿಯಲ್ಲ, ಅವಳ ಹೆಸರು ಗೊತ್ತುಂಟಾ ನಿಂಗೆ?" ಅಂತ ಕೇಳಿದ್ರು. ಗೊತ್ತಿರಲಿಲ್ಲ. ಒಬ್ಬಳು ಹೆಂಗಸು ಒಳಗೆ ಸತ್ತಿದ್ದಾಳಂತೆ ಅನ್ನುವುದಷ್ಟೇ ನಮಗೆ ಗೊತ್ತಿದ್ದದ್ದು. ಚಿಕ್ಕಂದಿನಲ್ಲಿ ಆ ದಾರಿಯಲ್ಲಿ ಉಸಿರು ಬಿಗಿಹಿಡಿದು ಓಡ್ತಿದ್ದೆವು. "ಅವಳ ತಂಗಿ ಈಗ ಮೊಬೈಲ್ ನೋಡ್ತಾಳೆ" ಅಂದ್ರು ಅಜ್ಜಿ. ಅಷ್ಟೇ.

ಮನೆಗೆ ಹೋಗಿ ಡಿಲೀಟ್ ಮಾಡಿದೆ. ಆದ್ರೆ ನಿಮ್ಮಲ್ಲಿ ಕೆಲವರು ಡೌನ್‌ಲೋಡ್ ಮಾಡಿ ಸ್ಟೇಟಸ್‌ಗೆ ಹಾಕಿದ್ದೀರಿ, ನನಗೆ ಗೊತ್ತುಂಟು. ದಯವಿಟ್ಟು ತೆಗೀರಿ.

ಕಳೆದ ಭಾನುವಾರ ಅಜ್ಜಿ ಮನೆಗೆ ಹೋಗಿದ್ದೆ. ಅವಳ ಹೆಸರು ಹೇಳಿದ್ರು. ನಾನಿಲ್ಲಿ ಬರೆಯುವುದಿಲ್ಲ. ಬೀಡಿ ಕಟ್ಟುತ್ತಿದ್ದಳಂತೆ, ಊರಲ್ಲಿ ಅವಳಷ್ಟು ಬೇಗ ಕಟ್ಟುವವರು ಇರಲಿಲ್ಲವಂತೆ. ಈ ಪೋಸ್ಟಿನ ಫೋಟೋದಲ್ಲಿ ಕಾಣುವ ಮಲ್ಲಿಗೆ ಬಳ್ಳಿ ಅವಳು ಕೊಟ್ಟ ಗೆಲ್ಲಿನಿಂದ ಆದದ್ದು. ಅಜ್ಜಿಯ ಅಂಗಳದಲ್ಲಿ ಈಗಲೂ ಹೂ ಬಿಡುತ್ತದೆ.